ಹ್ಯಾಟಿ ಕೂಗಿತು

ಆ ಮುಂಜಾನೆ ರೇವಮ್ಮ ಒಲೆಯ ಮೇಲೆ ಹಂಚಿಟ್ಟು, ಒಂದು ಹಿಡಿ ತೊಗರಿಕಟ್ಟಿಗೆ ಮುರಿದು ಉರಿಗೆ ತುರುಕುವ ಹೊತ್ತಿಗೆ ಹಿತ್ತಲಲ್ಲಿ ಹ್ಯಾಟಿ ಕೂಗಿತು.

ಕೂಗುವುದು ಹುಂಜದ ಕೆಲಸ. ಹ್ಯಾಟಿ ಎಂದರೆ ಹೆಣ್ಣು ಕೋಳಿ. ಅದು ತತ್ತಿ ಇಡಬೇಕು, ಕಾವಿಗೆ ಕೂಡಬೇಕು, ಮರಿ ಸಾಕಬೇಕು, ಕಡೆಗೊಂದು ದಿನ ಎಸರಿಗೆ ಬೀಳಬೇಕು. ದನಿ ಎತ್ತಬಾರದು. ಎತ್ತಿದರೆ ಮನೆ ಹಾಳು, ಓಣಿಗೆ ಕೇಡು, ಯಾರದಾದರೊಂದು ಜೀವ ಹೋಗುವುದು ಖಂಡಿತ ಎಂದು ಭೀಮೆಯ ಈ ದಂಡೆಯಲ್ಲಿ ಎದೆಹಾಲಿನ ಜೊತೆಗೇ ಕುಡಿಸುತ್ತಾರೆ. ರೇವಮ್ಮನೂ ಕುಡಿದು ಬೆಳೆದವಳು.

ಮೊದಲ ಕೂಗಿಗೆ ಅವಳು ತನ್ನ ಕಿವಿಯನ್ನು ನಂಬಲಿಲ್ಲ. ಎರಡನೆಯದಕ್ಕೆ ಕೈಯೊಳಗಿನ ಹಿಟ್ಟಿನ ಉಂಡೆ ಬೂದಿಗೆ ಬಿತ್ತು. ಹಿತ್ತಲ ಬಾಗಿಲಿಗೆ ಓಡಿ ನೋಡಿದರೆ, ಬಚ್ಚಲ ಕಲ್ಲಿನ ಮೇಲೆ ಅವಳ ಗಿಡ್ಡಕೋಳಿಗಳಲ್ಲೊಂದು ಪಾರಿವಾಳದಷ್ಟು ಮೈಯನ್ನು ಹಿಗ್ಗಿಸಿ, ಎದೆ ಸೆಟೆಸಿ, ಕತ್ತು ಚಾಚಿ ನಿಂತಿತ್ತು. ಬಾಲದಲ್ಲಿ ಹುಂಜಕ್ಕಿರುವ ಬಾಗಿದ ಉದ್ದ ಗರಿಯಿಲ್ಲ, ಕತ್ತಿನಲ್ಲಿ ಜೂಲಿಲ್ಲ, ಕಾಲಲ್ಲಿ ಮುಳ್ಳಿಲ್ಲ. ಅಡಿಯಿಂದ ಮುಡಿಯ ತನಕ ಹ್ಯಾಟಿ. ಅವಳ ಕಣ್ಣೆದುರಿಗೇ ಮತ್ತೊಮ್ಮೆ ಕೂಗಿತು. ದನಿ ತೆಳ್ಳಗಿತ್ತು, ಎಣ್ಣೆ ಕಾಣದ ಬಾಗಿಲು ಕಿರುಗುಟ್ಟಿದ ಹಾಗೆ.

ಗಂಡ ಬೀರಣ್ಣ ವರ್ಷದ ಬಹುಪಾಲು ಪುಣೆಯಲ್ಲಿ ಕಟ್ಟಡಗಳ ಮೇಲೆ ಸೆಂಟ್ರಿಂಗ್ ಕೆಲಸ ಮಾಡುವವನು. ಮೊದಲು ನೆನಪಾದದ್ದು ಅವನೇ. ಎಷ್ಟನೆಯ ಮಾಳಿಗೆಯ ಮೇಲೆ, ಯಾವ ಬಿದಿರಿನ ಮೇಲೆ ನಿಂತಿದ್ದಾನೋ! ರೇವಮ್ಮ ತನ್ನ ತಾಯಿ ಮಾಡುತ್ತಿದ್ದುದನ್ನೇ ಮಾಡಿದಳು. ನಿಂಬೆಹಣ್ಣು, ಒಣಮೆಣಸಿನಕಾಯಿ, ಕಲ್ಲುಪ್ಪು ತಗೊಂಡು ಕೋಳಿಗೂ ತನಗೂ ನಿವಾಳಿಸಿ, ಕುಂಕುಮ ಸವರಿ, ಓಣಿಯ ಮೂರು ದಾರಿ ಕೂಡುವಲ್ಲಿ ಇಟ್ಟು ಬಂದಳು. ಇಟ್ಟವರು ಹೊರಳಿ ನೋಡಬಾರದೆಂದು ಶಾಸ್ತ್ರ. ಅವಳು ಹೊರಳಿ ನೋಡಲಿಲ್ಲ. ನೋಡಿದ್ದರೆ, ಹವಳಗಾದ ಸಕ್ಕರೆ ಕಾರ್ಖಾನೆಯ ಪಾಳಿ ಮುಗಿಸಿ ಬರುತ್ತಿದ್ದ ಪಕ್ಕದ ಮನೆಯ ಅರುಣಕುಮಾರ ಗಾಡಿ ನಿಲ್ಲಿಸಿ, ಒಂದು ಕಾಲು ನೆಲಕ್ಕೂರಿ, ತನ್ನನ್ನೇ ನೋಡುತ್ತಿದ್ದುದು ಕಾಣುತ್ತಿತ್ತು.

ಆ ಕೋಳಿಗಳನ್ನು ತಂದುಕೊಟ್ಟವನು ತಮ್ಮ ಧರ್ಮರಾಜ. ಸೊಲ್ಲಾಪುರಕ್ಕೆ ಟೆಂಪೋ ಹೊಡೆಯುವವನು ಅಲ್ಲಿಯ ಪೇಟೆಯಿಂದ ರಟ್ಟಿನ ಪೆಟ್ಟಿಗೆಯಲ್ಲಿ ತೂತು ಮಾಡಿ ತಂದಿದ್ದ. ಬಿಳಿ ಮೈ, ಒಂದೊಂದು ಗರಿಗೂ ಯಾರೋ ಕೂತು ಕಾಡಿಗೆ ತೀಡಿದಂಥ ಕಪ್ಪಂಚು. ಮಾರಿದವನು ಬ್ಯಾಂಟಮ್ ಎಂದಿದ್ದನಂತೆ. ಓಣಿ ಗಿಡ್ಡಕೋಳಿ ಎಂದಿತು. ಮಂಚದಗಲದ ಹಿತ್ತಲಲ್ಲಿ ತೊಗರಿಕಟ್ಟಿಗೆ ಹೆಣೆದು ರೇವಮ್ಮ ಗೂಡು ಮಾಡಿದಳು. ಮುಂಗುಸಿ ಬಗೆದು ಬಾರದಂತೆ ಅಡಿಗೆ ಪರಸಿಕಲ್ಲು ಹಾಸಿದಳು. ಹೇನು ಹತ್ತದಿರಲೆಂದು ಒಲೆಬೂದಿಯ ಗುಂಡಿ, ಬಿಸಿಲಿಗೆ ಗೂಡಿನ ಮೇಲೆ ತೋಯ್ಸಿದ ಗೋಣಿತಟ್ಟು. ಸಜ್ಜೆ ನುಚ್ಚು ಉಗ್ಗಿದರೆ ಅವಳ ಪಾದದ ಮೇಲೇ ಹತ್ತಿ ತಿನ್ನುತ್ತಿದ್ದವು. ದೇಹ ಗಿಡ್ಡವಾದರೂ ಹಾರಿಕೆ ದೊಡ್ಡದು. ರೆಕ್ಕೆ ಕತ್ತರಿಸುವುದು ಎರಡು ದಿನ ತಡವಾದರೆ ಸಾಕು, ನಡುಗೋಡೆ ಹಾರಿ ಗುರಣ್ಣ ಸಾವಕಾರರ ದನದ ಕೊಟ್ಟಿಗೆಯ ಮೇಲೆ ಹೋಗಿ ಕೂಡುತ್ತಿದ್ದವು. ಆಗೆಲ್ಲ ಸಾವಕಾರರ ಹೆಂಡತಿ ಸುಭದ್ರಾಬಾಯಿ, "ಏ ರೇವಿ, ನಿನ್ನ ದರಿದ್ರ ಇಳಿಸ್ಕೋ ಬೇ, ನಮ್ಮ ಪೂಜಾದ ಹೊತ್ತು" ಎಂದು ಕೂಗಿ ಹೇಳುತ್ತಿದ್ದಳು.

ನಿಂಬೆಹಣ್ಣು ಇಟ್ಟುಬಂದ ಮೇಲೆ ರೇವಮ್ಮ ತಮ್ಮನಿಗೆ ಫೋನು ಹಚ್ಚಿದಳು.

"ಎಂಥಾ ಕೋಳಿ ತಂದುಕೊಟ್ಟಿಯೋ ಧರ್ಮಾ? ಹ್ಯಾಟಿ ಕೂಗಾಕತ್ತದ!"

"ಯಕ್ಕಾ, ನೀ ಎರಡು ಹ್ಯಾಟಿ ಒಂದು ಹುಂಜ ಕೇಳಿದ್ದಿ. ಹಂಗೇ ತಂದೇನಿ."

"ಮೂರೂ ಹ್ಯಾಟಿನೇ ಅದಾವೋ! ನಂಗೇನು ಕಣ್ಣಿಲ್ಲೇನು?"

ಅವನು ಮಾರಿದವನನ್ನು ಹುಡುಕಿ ಕೇಳಿಕೊಂಡು ಮರುದಿನ ತಾನೇ ಫೋನು ಮಾಡಿ ಹೊಟ್ಟೆ ತುಂಬ ನಕ್ಕ. "ಈ ಜಾತ್ಯಾಗ ಹುಂಜ ಸೈತ ಹ್ಯಾಟಿ ಗರಿನೇ ಉಟ್ಟಿರ್ತದಂತ. ಅದು ಹುಂಜನೇ ಅದ, ಫಿಕರ್ ಮಾಡಬ್ಯಾಡ. ನಮ್ಮೂರ ಜೋಗಪ್ಪನಂಗ ಸೀರಿ ಉಟ್ಟದ, ಅಷ್ಟೇ."

ರೇವಮ್ಮನೂ ನಕ್ಕಳು. ಎದೆಯ ಮೇಲಿಂದ ಬೀಸುಕಲ್ಲು ಇಳಿದಂತಾಯಿತು. ಆದರೆ ಮೂರು ದಾರಿಯಲ್ಲಿ ಒಮ್ಮೆ ಇಟ್ಟದ್ದನ್ನು ಹಿಂದಕ್ಕೆ ತರಲು ಬರುವುದಿಲ್ಲ.

ಅದೇ ವಾರ ಸಾವಕಾರರ ಸೊಸೆ, ಅರುಣಕುಮಾರನ ಹೆಂಡತಿ ಶಾಂಭವಿಗೆ ಬಸಿರು ಇಳಿದುಹೋಯಿತು. ಹೊಟ್ಟೆಯೊಳಗಿನ ಐದು ತಿಂಗಳ ಕೂಸು. ಕಲಬುರಗಿಯ ದವಾಖಾನೆಗೆ ಒಯ್ದು ತಂದರು. ತಂದ ಮೇಲೆ ಅವಳು ಉಣ್ಣಲೊಲ್ಲಳು, ಮಾತಾಡಲೊಲ್ಲಳು, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಗೋಡೆಯ ಈಚೆ ಮಗ್ಗುಲಲ್ಲಿ ರೇವಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ದನಿ ತೆಗೆದು ಅಳುವಂತಿರಲಿಲ್ಲ. ಅವಳಿಗೂ ಶಾಂಭವಿಗೂ ಇದ್ದ ನಂಟು ಓಣಿಗೆ ಗೊತ್ತಿರಲಿಲ್ಲ.

ಮೂರನೇ ತಿಂಗಳಲ್ಲಿ ತಪಾಸಣೆಯ ಸಿಸ್ಟರ್ ಶಾಂಭವಿಯ ಕಣ್ಣರೆಪ್ಪೆ ಜಗ್ಗಿ ನೋಡಿ, "ಮೈಯಾಗ ರಕ್ತಾನೇ ಇಲ್ಲ, ದಿನಾ ತತ್ತಿ ತಿನ್ನಬೇಕು" ಎಂದಿದ್ದಳು. ಲಿಂಗ ಕಟ್ಟಿದ ಮನೆ. ತತ್ತಿ ಎಂಬ ಮಾತನ್ನು ಕೂಡ ಆ ಹೊಸ್ತಿಲೊಳಗೆ ಆಡುವಂತಿಲ್ಲ. ಶಾಂಭವಿ ಒಂದು ದಿನ ಬಟ್ಟೆ ಒಣಹಾಕುವ ನೆವದಲ್ಲಿ ನಡುಗೋಡೆಗೆ ಬಂದು ಕೇಳಿದಳು: "ರೇವಕ್ಕಾ, ನಿನ್ನ ಕೋಳೀದು ಒಂದು ಕೊಡ್ತಿಯೇನು? ನನಗಲ್ಲ, ಒಳಗಿನ ಕೂಸಿಗೆ." ಅಂದಿನಿಂದ ರೇವಮ್ಮ ಕುದಿಸಿ, ಸುಲಿದು, ಉಪ್ಪು ಮೆಣಸು ಹಚ್ಚಿ, ಎಲೆಯಲ್ಲಿಟ್ಟು ಗೋಡೆಯ ಮೇಲಿಂದ ದಾಟಿಸುತ್ತಿದ್ದಳು. ಶಾಂಭವಿ ಅಲ್ಲೇ ನಿಂತು ಗಬಕ್ಕನೆ ನುಂಗಿ, ತುಳಸಿ ಅಗಿದು ಒಳಗೆ ಹೋಗುತ್ತಿದ್ದಳು.

ಈಗ ಆ ಕೂಸೇ ಇಲ್ಲ. ಸುದ್ದಿ ಹೊರಬಿದ್ದರೆ ಇಬ್ಬರದೂ ಗತಿ ಏನೆಂದು ರೇವಮ್ಮ ಯೋಚಿಸುವಷ್ಟರಲ್ಲಿ ಓಣಿಯೊಳಗೆ ಬೇರೊಂದು ಮಾತು ಹುಟ್ಟಿತ್ತು. ಮೊದಲು ಬಾವಿಕಟ್ಟೆಯಲ್ಲಿ ಪಿಸುಗುಟ್ಟಿತು, ಆಮೇಲೆ ಹಿಟ್ಟಿನ ಗಿರಣಿಯಲ್ಲಿ ಬಾಯಿಬಿಟ್ಟಿತು. ಬಾನಾಮತಿ.

ಈ ಸೀಮೆಯಲ್ಲಿ ಹುಟ್ಟದವರಿಗೆ ಆ ಮಾತಿನ ಭಾರ ತಿಳಿಯುವುದಿಲ್ಲ. ಮಾಟ ಎನ್ನಿ, ಮಂತ್ರ ಎನ್ನಿ. ಮೈಮೇಲೆ ಬರೆ ಎದ್ದರೆ, ಪೆಟ್ಟಿಗೆಯ ಸೀರೆ ಸುಟ್ಟರೆ, ಹೆಣ್ಣುಮಗಳು ನಾಯಿಯಂತೆ ಬೊಗಳಿದರೆ ಮಾಡಿಸಿದವರು ಯಾರೆಂದು ಊರು ಹುಡುಕುತ್ತದೆ. ಹುಡುಕಿದಾಗಲೆಲ್ಲ ಸಿಗುವವಳು ಒಬ್ಬಂಟಿ ಹೆಂಗಸು. ಸಾವಕಾರ ಎಂದೂ ಸಿಕ್ಕಿದ್ದಿಲ್ಲ. ಅದರ ವಿರುದ್ಧ ಕಾನೂನು ಬಂದಿದೆ. ಕಾನೂನು ಅಫಜಲಪುರದ ತನಕ ಬಂದಿದೆ. ಅಲ್ಲಿಂದ ಈಚೆಗೆ ಬಸ್ಸು ತಪ್ಪಿಸಿಕೊಂಡು ಕೂತಿದೆ.

ರೇವಮ್ಮನಿಗೆ ಆ ಮಾತೆಂದರೆ ಸೋದರತ್ತೆ ಶಿವಕಾಂತಾಳ ಬಾಯಿ. ಜೇವರ್ಗಿ ಕಡೆಯ ಹಳ್ಳಿಯಲ್ಲಿ, ಯಾರದೋ ಎಮ್ಮೆ ಸತ್ತದ್ದಕ್ಕೆ ಅತ್ತೆಯನ್ನು ಕಂಬಕ್ಕೆ ಕಟ್ಟಿ, ಖಾರ ಅರೆಯುವ ಗುಂಡುಕಲ್ಲಿನಿಂದ ಅವಳ ಹಲ್ಲು ಉದುರಿಸಿದ್ದರು. ಹಲ್ಲು ಹೋದರೆ ನಾಲಗೆ ತಿರುಗುವುದಿಲ್ಲ, ನಾಲಗೆ ತಿರುಗದಿದ್ದರೆ ಮಂತ್ರ ಹತ್ತುವುದಿಲ್ಲ ಎಂಬುದು ಊರಿನ ವಿದ್ಯೆ. ಆಗಿನ್ನೂ ಪರಕಾರ ಉಡುವ ಚಿಕ್ಕ ಹುಡುಗಿಯಾಗಿದ್ದ ರೇವಮ್ಮ ಅತ್ತೆಯ ಮಗ್ಗುಲಲ್ಲಿ ಕೂತು ಹಾಲಲ್ಲಿ ನೆನೆಸಿದ ರೊಟ್ಟಿಯನ್ನು ಬೆರಳಿನಿಂದ ತಿನ್ನಿಸಿದ್ದಳು. ಆ ಬಾಯಿ ಬಾಯಿಯಂತಿರಲಿಲ್ಲ. ಅತ್ತೆ ಸಾಯುವತನಕ ತನ್ನ ಹೆಸರನ್ನು ಕೂಡ ನೆಟ್ಟಗೆ ಹೇಳಲಾರದೆ ಹೋದಳು.

ರೇವಮ್ಮ ಬಡಿಯುತ್ತಿದ್ದ ಜೋಳದ ರೊಟ್ಟಿ ಕೊಳ್ಳಲು ಯಾರೂ ಬಾರದಾದರು. ಅವಳು ನೀರಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಸರಿದರು. ಬಂದವಳು ಒಬ್ಬಳೇ, ಶಾಲೆಯ ಮಕ್ಕಳಿಗೆ ಬಿಸಿಯೂಟ ಬೇಯಿಸುವ ಹುಸೇನಬೀ.

"ಕೇಳಿದೆಯೇನು ರೇವಾ? ಅರುಣಕುಮಾರ ನಿನ್ನ ನಿಂಬಿಹಣ್ಣಿಂದು ಫೋಟೋ ಹೊಡ್ಕೊಂಡಾನಂತ. ಎಲ್ಲಾರ ಮೊಬೈಲ್ದಾಗ ನಿನ್ನ ನಿಂಬಿಹಣ್ಣು! ನೀ ನಿಂಬಿಹಣ್ಣು ಇಡಾಕರೆ ಯಾಕ ಹೋಗಿದ್ದಿ ಬೇ?"

"ಅಂಜಿದ್ದೆ ಅಕ್ಕಾ. ಹ್ಯಾಟಿ ಕೂಗ್ತಂತ ಅಂಜಿದ್ದೆ."

"ನೀ ಅಂಜಿ ಇಟ್ಟಿ. ಅವ್ರು ಅಂಜಿ ಕಲ್ಲು ಹಿಡೀತಾರ." ಹುಸೇನಬೀ ದನಿ ಇಳಿಸಿದಳು. "ನಾಲ್ಕು ದಿನ ಧರ್ಮನ ಮನಿಗೆ ಹೋಗಿಬಿಡು."

"ಓಡಿಹೋದ್ರ ಖರೇ ಅಂದಂಗಾಗ್ತದ. ಹಿಂದ ಬರಾಕ ಮನಿ ಇರಂಗಿಲ್ಲ."

ಮರುದಿನ ಸಂಜೆ ಕರೆ ಬಂತು.

ಗುರಣ್ಣ ಸಾವಕಾರರ ಮನೆಯ ಮುಂದಿನ ಕಟ್ಟೆಯ ಮೇಲೆ ಓಣಿಯ ಹಿರಿಯರು ಕೂತಿದ್ದರು. ಕೆಳಗೆ ಮಂದಿ. ರೇವಮ್ಮ ಆ ಕೋಳಿಯನ್ನು ಸೆರಗಿನೊಳಗೆ ಅವಚಿಕೊಂಡು ಹೋದಳು. ಕೋಳಿಯ ಎದೆಬಡಿತ ಯಾವುದು, ತನ್ನದು ಯಾವುದು, ಅವಳಿಗೆ ಬೇರ್ಪಡಿಸಲಾಗಲಿಲ್ಲ.

ಗುರಣ್ಣ ಹಣೆತುಂಬ ವಿಭೂತಿ ಬಳಿದುಕೊಂಡ ಮನುಷ್ಯ. ಕೆಟ್ಟವನಲ್ಲ, ಕೆಟ್ಟವನಾಗುವ ಅವಶ್ಯಕತೆ ಅವನಿಗೆ ಈವರೆಗೆ ಬಿದ್ದಿರಲಿಲ್ಲ. "ನೋಡವ್ವ ರೇವಮ್ಮ," ಎಂದ. "ನಾವು ಬಸವಣ್ಣನ ಮಂದಿ. ಶಕುನ ಅಪಶಕುನ ನಂಬೋರಲ್ಲ. ಆದ್ರ ನಮ್ಮ ಸೊಸಿ ನೆಲಾ ಹಿಡದಾಳ. ಮೈಮ್ಯಾಲ ದೇವರು ಬರೋರ ಕಡೆ ಹೇಳಿಕೆ ಕೇಳಿಸಿದ್ವಿ. ಹೆಣ್ಣು ಗಂಡಿನ ದನಿ ತೆಗೆದ ಮನ್ಯಾಗಿಂದ ಬಂದದ ಅಂತ ಹೇಳಿಕಿ ಆತು."

ಸೂತಕವಿಲ್ಲ, ಶಕುನವಿಲ್ಲ ಎಂದು ಎದೆ ತಟ್ಟಿ ಹೇಳಿದ ಶರಣರ ಹೆಸರನ್ನು ನಾಲಗೆಯ ಮೇಲಿಟ್ಟುಕೊಂಡೇ ಅವನು ಇಷ್ಟು ಹೇಳಿ ಮುಗಿಸಿದ. ಯಾರಿಗೂ ಅದು ವಿಚಿತ್ರ ಅನಿಸಲಿಲ್ಲ.

ರೇವಮ್ಮ ಬಾಯಿ ತೆರೆಯಲು ಹೋದಳು. ಮುಂದಿನ ಸಾಲಿನ ಹೆಂಗಸೊಬ್ಬಳು ಮಗುವಿನ ಕಣ್ಣು ಮುಚ್ಚಿದಳು. "ಬಾಯಿ ಮುಚ್ಚಿ ಮಾತಾಡಸ್ರಿ ಆಕಿನ್ನ" ಎಂದಿತು ಹಿಂದಿನ ದನಿಯೊಂದು. ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಅರಿವೆಯೊಳಗಿಂದಲೇ ಹೇಳಿದಳು: "ಇದು ಹ್ಯಾಟಿ ಅಲ್ಲ್ರಿ ಸಾವಕಾರ್ರ. ಹುಂಜ ಅದ. ಈ ಜಾತಿ ಹುಂಜ ನೋಡಾಕ ಹಿಂಗೇ ಇರ್ತದಂತ್ರಿ."

"ಹುಂಜಕ್ಕ ಬಾಲ ಎಲ್ಲದ?" ಅರುಣಕುಮಾರ ಕಟ್ಟೆಯಿಂದ ಇಳಿದು ಬಂದ. ಅವನ ಕಣ್ಣು ನಿದ್ದೆಗೆಟ್ಟು ಕೆಂಪಾಗಿದ್ದವು. "ಹುಂಜಾದ್ರ ನಿಂಬಿಹಣ್ಣು ಯಾಕ ಇಟ್ಟಿ? ಹೇಳು. ನನ್ನ ಕೂಸು ಹೋದ ವಾರಾನೇ ಯಾಕ ಇಟ್ಟಿ?"

ಈ ಪ್ರಶ್ನೆಗೆ ಅವಳಲ್ಲಿ ಉತ್ತರವಿತ್ತು. ಅಂಜಿಕೆಯಿಂದ ಇಟ್ಟೆ ಎಂಬ ಉತ್ತರವನ್ನು ಅಂಜಿದವರು ನಂಬುವುದಿಲ್ಲ.

"ಕೊಯ್ದು ನೋಡಿದ್ರಾತು," ಎಂದಳು ಹುಸೇನಬೀ ಮಂದಿಯ ನಡುವಿನಿಂದ. "ಹುಂಜ ಆದ್ರ ಒಳಗ ಎರಡು ಬೀಜ ಇರ್ತಾವ. ನಾ ತೋರಿಸ್ತೇನಿ."

"ಶಿವಶಿವಾ! ನಮ್ಮ ಅಂಗಳದಾಗ ರಕ್ತ?" ಗುರಣ್ಣ ಕಿವಿ ಮುಚ್ಚಿಕೊಂಡ. "ಹಿಂಸಾ ಬ್ಯಾಡ. ನಮ್ಮ ಅಂಗಳದಾಗ ಬುಟ್ಟಿ ಕವಚಿ ಇಡೋಣ. ಮುಂಜಾನಿ ತತ್ತಿ ಇಟ್ಟಿತ್ತಂದ್ರ ಹ್ಯಾಟಿ. ಇಲ್ಲಂದ್ರ ನಿನ್ನ ಮಾತು ಖರೇ, ನೀ ನಿನ್ನ ಮನಿಗೆ, ನಾವು ನಮ್ಮ ಮನಿಗೆ."

"ಖರೇ ಹ್ಯಾಟಿ ಇದ್ದಿದ್ರೂ ದಿನಾ ಇಡಬೇಕಂತಿಲ್ಲ್ರಿ ಸಾವಕಾರ್ರ, ಅದೇನು ಕಾರ್ಖಾನಿ ಪಾಳಿ ಮಾಡ್ತದೇನು?" ಹುಸೇನಬೀಯ ಮಾತಿಗೆ ಒಂದಿಬ್ಬರು ಕಿಸಕ್ಕೆಂದರು, ಬಾಯಿ ಮುಚ್ಚಿಕೊಂಡರು.

ರೇವಮ್ಮ ತಲೆಯಾಡಿಸಿ ಒಪ್ಪಿದಳು. ಹುಂಜ ಹೇಗೆ ತತ್ತಿ ಇಟ್ಟೀತು? ಕೋಳಿಯನ್ನು ಬುಟ್ಟಿಯಡಿ ಬಿಟ್ಟು, ಮೇಲೆ ಕಲ್ಲು ಹೇರಿದ್ದನ್ನು ನೋಡಿ, ಮನೆಗೆ ಬಂದು ಅಗುಳಿ ಹಾಕಿದ ಮೇಲಷ್ಟೇ ಅವಳಿಗೆ ಹೊಳೆಯಿತು. ಹುಂಜ ಇಡುವುದಿಲ್ಲ, ನಿಜ. ಕೈ ಇಡಬಹುದಲ್ಲ. ಅಂಗಳ ಅವರದು, ಬುಟ್ಟಿ ಅವರದು, ಕಾವಲೂ ಅವರದೇ. ತನ್ನ ಹಲ್ಲುಗಳನ್ನು ತಾನೇ ಒಯ್ದು ಅವರ ಬುಟ್ಟಿಯಡಿ ಇಟ್ಟು ಬಂದಿದ್ದಳು.

ಬೆಳಕು ಹರಿಯುವ ಮುನ್ನವೇ ಗೋಡೆಯಾಚೆಯಿಂದ ಕೋಳಿ ಕೂಗಿದ್ದು ಕೇಳಿಸಿತು, ಬುಟ್ಟಿಯೊಳಗಿಂದ, ಮುಚ್ಚಿದ ದನಿಯಲ್ಲಿ. ಅದಾದ ಸ್ವಲ್ಪ ಹೊತ್ತಿಗೆ ಬಚ್ಚಲಲ್ಲಿ ನೀರು ಸುರಿದುಕೊಳ್ಳುವ ಸದ್ದು. ತಂಬಿಗೆ ಮೇಲೆ ತಂಬಿಗೆ, ಯಾರೋ ಮೈಗೆ ಹೇಲು ಹತ್ತಿದವರಂತೆ ತಿಕ್ಕಿ ತಿಕ್ಕಿ ತೊಳೆದುಕೊಳ್ಳುತ್ತಿದ್ದರು.

ಬಿಸಿಲೇರುವ ಹೊತ್ತಿಗೆ ಅಂಗಳ ತುಂಬಿತ್ತು. ಇಂದು ಹಿಂದಿನ ದಿನಕ್ಕಿಂತ ಹೆಚ್ಚು ಗಂಡಸರು. ಕೈ ಎತ್ತಿ ಹಿಡಿದ ಮೊಬೈಲುಗಳು. ಕಟ್ಟೆಯ ಮೂಲೆಯಲ್ಲಿ ಒಬ್ಬ ಕುಕ್ಕರಗಾಲಲ್ಲಿ ಕೂತಿದ್ದ. ಅವನ ಕೈಯಲ್ಲಿ ಖಾರ ಅರೆಯುವ ಗುಂಡುಕಲ್ಲು. ರೇವಮ್ಮನ ನಾಲಗೆ ತಾನಾಗಿಯೇ ಹಲ್ಲುಗಳ ಹಿಂದೆ ಹೋಗಿ ಒಂದೊಂದನ್ನೇ ಮುಟ್ಟಿ ನೋಡಿತು. ಹುಸೇನಬೀ ರಟ್ಟೆ ಹಿಡಿದು ನಿಲ್ಲಿಸಿದಳು.

ಅರುಣಕುಮಾರ ಬಂದ. ತಲೆಗೂದಲಿಂದ ಇನ್ನೂ ನೀರಿಳಿಯುತ್ತಿತ್ತು, ಹಣೆಯ ವಿಭೂತಿ ಹಸಿಯಾಗಿತ್ತು. ಅವನು ಬುಟ್ಟಿ ಎತ್ತಿದ.

ಕೋಳಿ ಒಂದು ಮಗ್ಗುಲಿಗೆ ಒತ್ತಿಕೊಂಡು ನಿಂತಿತ್ತು. ನಡುವೆ ಬೆಳ್ಳಗೆ ಒಂದು ತತ್ತಿ.

"ಇಟ್ಟದ!" ಎಂದು ಮಂದಿ ಒದರಿತು. ಅಂಗಳ ಒಂದು ಹೆಜ್ಜೆ ಹಿಂದೆ ಸರಿದು, ಎರಡು ಹೆಜ್ಜೆ ಮುಂದೆ ಬಂತು. ಮೂಲೆಯಲ್ಲಿದ್ದವನು ಎದ್ದು ನಿಂತ.

ರೇವಮ್ಮ ತತ್ತಿಯನ್ನು ನೋಡಿದಳು. ಅಂಗಡಿಯ ಫಾರಂ ತತ್ತಿ. ದೊಡ್ಡದು, ಸುಣ್ಣ ಬಳಿದಂತೆ ಬಿಳುಪು, ನೀರಲ್ಲಿ ತೊಳೆದು ಸ್ವಚ್ಛ ಮಾಡಿದ್ದು. ಆ ಅಂಗೈಯಗಲದ ಕೋಳಿ ಅದನ್ನು ಇಡಬೇಕಾದರೆ ಎರಡು ಹೋಳಾಗಬೇಕಿತ್ತು. ಹುಟ್ಟಿದಾಗಿನಿಂದ ತತ್ತಿ ಮುಟ್ಟದ ಮನೆ, ತತ್ತಿ ಕಂಡರೆ ಮುಖ ತಿರುಗಿಸುವ ಮನೆ! ಕೋಳಿ ಗಿಡ್ಡಾದರೆ ತತ್ತಿಯೂ ಗಿಡ್ಡಾಗುತ್ತದೆ ಎಂಬಷ್ಟು ಲೋಕಜ್ಞಾನ ಆ ಮನೆಯ ಗಂಡಸಿಗೆ ಎಲ್ಲಿಂದ ಬರಬೇಕು? ತತ್ತಿ ಎಂದರೆ ತತ್ತಿ ಎಂದುಕೊಂಡು ತಂದಿಟ್ಟಿದ್ದ. ಅದನ್ನವನು ಸುಳ್ಳು ಅಂದುಕೊಂಡಿರಲೂ ಇಲ್ಲ. ತಾನು ನಂಬಿದ ನಿಜಕ್ಕೆ ಒಂದು ಕೈ ಹಚ್ಚಿದೆ ಅಂದುಕೊಂಡಿದ್ದ.

ಅಂಗಳದಲ್ಲಿ ಕೋಳಿ ಸಾಕಿದವರಿದ್ದರು. ತತ್ತಿ ಒಡೆದು ಪಲ್ಯ ಮಾಡುವ ಹೆಂಗಸರಿದ್ದರು. ಅವರೆಲ್ಲರ ಕಣ್ಣು ಆ ತತ್ತಿಯ ಮೇಲೆ ಬಿದ್ದು, ಕೋಳಿಯ ಮೇಲೆ ಹೋಗಿ, ನೆಲಕ್ಕೆ ಇಳಿದದ್ದನ್ನು ರೇವಮ್ಮ ಕಂಡಳು. ಗೊತ್ತಿತ್ತು ಅವರಿಗೆ. ಒಬ್ಬರೂ ಉಸಿರೆತ್ತಲಿಲ್ಲ. ಸಾವಕಾರರ ಹೊಲದಲ್ಲಿ ಕಸ ತೆಗೆಯುವವರು, ಅವರ ಬೋರಿನ ನೀರು ಕುಡಿಯುವವರು. ಹುಸೇನಬೀ ಮಾತ್ರ, "ಅಲ್ಲಾ ಕಸಂ, ಇದು ಇದರದ್ದಲ್ಲ…" ಎಂದು ಶುರುಮಾಡಿದಳು. "ನೀ ಸುಮ್ಮಿರು ಬೇ, ನಿಮ್ಮಿಬ್ಬರದೂ ಒಂದೇ ದುಕಾನ" ಎಂದು ಯಾರೋ ಅವಳನ್ನು ಹಿಂದಕ್ಕೆ ನೂಕಿದರು.

ಕಲ್ಲು ಹಿಡಿದವನು ಕಟ್ಟೆಯಿಂದ ಇಳಿದ. ಇಬ್ಬರು ಹೆಂಗಸರು ರೇವಮ್ಮನ ಕೈ ಹಿಂದಕ್ಕೆ ತಿರುಚಿದರು. ಸೆರಗು ಬಾಯಿಂದ ಜಾರಿತು. ಹೇಳಲು ಅವಳಲ್ಲಿ ಒಂದೇ ಮಾತಿತ್ತು: ನಿಮ್ಮ ಸೊಸೆಯನ್ನು ಕೇಳಿರಿ, ಆಕೆ ತಿಂದಾಳ, ಆಕೆಗೆ ಗೊತ್ತು. ಆ ಮಾತು ಗಂಟಲ ತನಕ ಬಂತು. ಅದು ಹೊರಬಿದ್ದರೆ ಶಾಂಭವಿಯ ಬಾಳು ಅಲ್ಲಿಗೆ ಮುಗಿಯಿತು. ತನ್ನ ಬಾಳೂ ಉಳಿಯುವಂತಿರಲಿಲ್ಲ. ತತ್ತಿಯಲ್ಲೇ ಮಾಟ ಹಾಕಿ ತಿನ್ನಿಸಿದಳು ಅಂದಾರು. ರೇವಮ್ಮ ತುಟಿ ಬಿಗಿದಳು. ಕಣ್ಣು ಮುಚ್ಚಿದಳು. ಕಲ್ಲಿನ ಖಾರದ ವಾಸನೆ ಮೂಗಿಗೆ ಬಂತು.

"ಅದು ರೇವಕ್ಕನ ಕೋಳೀದಲ್ಲ."

ದನಿ ಎಷ್ಟು ಸಣ್ಣದಿತ್ತೆಂದರೆ ಮೊದಲು ಯಾರಿಗೂ ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ಪಡಸಾಲೆಯ ಕಂಬ ಹಿಡಿದುಕೊಂಡು ಶಾಂಭವಿ ನಿಂತಿದ್ದಳು. ಬಿಚ್ಚಿದ ಕೂದಲು, ಅರಿಶಿಣ ಬಳಿದಂಥ ಮುಖ. ಅವಳು ಕಂಬ ಬಿಟ್ಟಳು, ಗೋಡೆ ಹಿಡಿದಳು, ಗೋಡೆ ಬಿಟ್ಟು ಅಂಗಳಕ್ಕಿಳಿದು ಬಂದು ಬಾಗಿ ತತ್ತಿಯನ್ನು ಕೈಗೆತ್ತಿಕೊಂಡಳು. ಲಿಂಗವಂತರ ಸೊಸೆಯ ಅಂಗೈಯಲ್ಲಿ ತತ್ತಿ. ಕಟ್ಟೆಯ ಮೇಲಿನ ಹಿರಿಯರು ಮುಖ ತಿರುಗಿಸಿದರು.

"ಅದನ್ನ ಬಿಸಾಕು!" ಅತ್ತೆ ಸುಭದ್ರಾಬಾಯಿ ಕೂಗಿದಳು. "ತಲಿ ಕೆಟ್ಟದೇನು ನಿನಗ?"

"ಅವರ ಕೋಳಿ ತತ್ತಿ ಇದರ ಅರ್ಧ ಸೈತ ಇರಂಗಿಲ್ಲ್ರಿ ಅತ್ತಿ."

"ನಿನಗ ಹ್ಯಾಂಗ ಗೊತ್ತು?" ಎಂದ ಅರುಣಕುಮಾರ. ಕೇಳಿದ ಮೇಲೆ, ಕೇಳಬಾರದಿತ್ತು ಎಂಬುದು ಅವನ ಮುಖದ ಮೇಲೇ ಮೂಡಿತು.

"ತಿಂದೇನಿ." ಶಾಂಭವಿ ಗಂಡನ ತೊಯ್ದ ತಲೆಯನ್ನು ನೋಡುತ್ತ ಹೇಳಿದಳು. "ನಾನೇ ಕೇಳಿ ಇಸ್ಕೊಂಡು ತಿಂದೇನಿ. ರಕ್ತಿಲ್ಲ ಅಂತ ಸಿಸ್ಟರು ನಿಮ್ಮ ಮುಂದನೇ ಹೇಳಿದ್ಲು. ನೀವೆಲ್ಲಾ ಕೇಳಲಿಲ್ಲ ಅನ್ನೋರಂಗ ಹೊರಗ ಬಂದ್ರಿ. ಅಕ್ಕ ಕೊಟ್ಟಿದ್ರಿಂದ ಕೂಸು ಐದು ತಿಂಗಳಾದ್ರೂ ಇತ್ತು." ಉಸಿರು ತಗೊಂಡಳು. "ಮುಂಜಾನಿ ಈ ತತ್ತಿ ಯಾರು ತಂದಿಟ್ರು, ಯಾರು ಜಳಕಾ ಮಾಡಿದ್ರು, ನಾ ಮಲಗಿದಲ್ಲಿಂದ ಎಲ್ಲಾ ಕೇಳ್ತದರಿ."

ಅಂಗಳದ ನಡುವಿನಿಂದ ಒಂದು ಮುದುಕಿಯ ದನಿ, ಕಟ್ಟಿಟ್ಟುಕೊಂಡದ್ದು ಸೋರಿಹೋದಂತೆ: "ಅಲ್ಲೋ, ಕೋಳಿ ಕುಂಡಿಗಿಂತ ತತ್ತಿನೇ ದೊಡ್ಡದದ!" ನಗೆ ಸಿಡಿಯಿತು. ಮೊದಲು ಹೆಂಗಸರಲ್ಲಿ, ಆಮೇಲೆ ಗಂಡಸರಲ್ಲಿ. ಕೈ ತಿರುಚಿದವರು ನಗುತ್ತಲೇ ಬಿಟ್ಟರು. ಕಲ್ಲು ಹಿಡಿದವನು, ದಾರಿಗಡ್ಡ ಬಿದ್ದದ್ದನ್ನು ಸರಿಸಲು ಎತ್ತಿಕೊಂಡವನಂತೆ ಅದನ್ನು ಮೂಲೆಗಿಟ್ಟು ಪಂಜೆಗೆ ಕೈ ಒರೆಸಿಕೊಂಡ. ರೇವಮ್ಮನಿಗೆ ನಗೆ ಬರಲಿಲ್ಲ. ಆ ನಗುವ ಬಾಯಿಗಳಿಗೆಲ್ಲ ಗಳಿಗೆಯ ಹಿಂದೆಯೂ ಇದೇ ಗೊತ್ತಿತ್ತು.

ಗುರಣ್ಣ ಎದ್ದು ನಿಂತು ಮತ್ತೆ ಕೂತ. ಅರುಣಕುಮಾರ ನೆಲ ನೋಡಿದ. ಸುಭದ್ರಾಬಾಯಿ ಸೊಸೆಯ ರಟ್ಟೆಗೆ ಕೈ ಹಾಕಿ ಎಳೆದಳು. ತತ್ತಿ ಕೆಳಗೆ ಬಿದ್ದು ಒಡೆಯಿತು. ಶಾಂಭವಿಯ ಕಾಲು ನೆಲಕ್ಕೆ ತಾಗದಂತೆ ಒಳಗೆ ಎಳೆದೊಯ್ದರು, ಗಂಡ ಹಿಂದೆಯೇ ಹೋದ, ತಲೆಬಾಗಿಲು ಮುಚ್ಚಿತು. ಒಳಗೆ ಅಡ್ಡಗೋಲು ಬಿದ್ದ ಸದ್ದು ಅಂಗಳಕ್ಕೆಲ್ಲ ಕೇಳಿಸಿತು.

ಮಂದಿ ಕರಗಿತು. ನಗುತ್ತ ಹೋದವರಲ್ಲೇ ಒಬ್ಬಳು ಮೂಲೆ ತಿರುಗುವಾಗ ಹೇಳುತ್ತಿದ್ದಳು: "ಆದ್ರೂ… ತತ್ತಿನಾಗೇ ಏನರೆ ಹಾಕಿ ಕೊಟ್ಟಿರಬಹುದು, ಯಾರಿಗೆ ಗೊತ್ತು?"

ಹುಸೇನಬೀ ರೇವಮ್ಮನನ್ನು ಮನೆಗೆ ಕರೆದೊಯ್ದು ನೀರು ಕುಡಿಸಿದಳು. ಹುಂಜವನ್ನು ಗೂಡಿಗೆ ಬಿಟ್ಟದ್ದೇ ಅದು ಏನೂ ಆಗಿಲ್ಲವೆಂಬಂತೆ ಬೂದಿಗುಂಡಿಗೆ ಬಿದ್ದು ಹೊರಳಾಡಿತು. ರೇವಮ್ಮ ನಡುಗೋಡೆಗೆ ಕಿವಿಯಿಟ್ಟು ನಿಂತಳು. ಆಚೆ ಮಾತಿರಲಿಲ್ಲ. ಬೈಗುಳ ಕೇಳಿದ್ದರೆ ಧೈರ್ಯವಾಗುತ್ತಿತ್ತು, ಬೈಗುಳವೂ ಇರಲಿಲ್ಲ. ಏನೋ ಬಿದ್ದ ಸದ್ದು, ಮೆತ್ತನ್ನದು, ಮೂಟೆ ಬಿದ್ದಂತೆ. ಆಮೇಲೆ ಅದೂ ಇಲ್ಲ.

"ಅಕ್ಕಾ, ಆಕಿ ದನಿ ಇಲ್ಲ."

"ಬ್ಯಾಡ ರೇವಾ." ಹುಸೇನಬೀಗೆ ಅವಳ ಕಣ್ಣು ಕಂಡೇ ತಿಳಿಯಿತು. "ನಿನ್ನ ಜೀವ ಉಳದದ. ಬಾಗಿಲ ಹಾಕ್ಕೊಂಡು ಸುಮ್ಮ ಕೂಡು. ಈಗ ಅವರ ಹೊಸ್ತಿಲ ತುಳಿದ್ರ ಮತ್ತ ಶುರು ಮಾಡ್ತಾರ."

"ಮಾಡ್ತಾರ." ರೇವಮ್ಮ ಚಪ್ಪಲಿ ಹುಡುಕಿದಳು, ಸಿಗಲಿಲ್ಲ, ಬರಿಗಾಲಲ್ಲೇ ಹೊರಟಳು. "ನೀ ಅಫಜಲಪುರಕ್ಕ ಫೋನ್ ಹಚ್ಚು. ಪೊಲೀಸರಿಗೆ ಹಚ್ಚು, ತಪಾಸ ಮಾಡೋ ಸಿಸ್ಟರ್‌ಗೂ ಹಚ್ಚು. ಬಂದ್ರ ಬರ್ಲಿ, ಬರಲಿಲ್ಲಂದ್ರ ಬಿಡ್ಲಿ. ನಾ ಅಲ್ಲಿರ್ತೇನಿ."

ಸಾವಕಾರರ ಅಂಗಳದಲ್ಲಿ ಒಡೆದ ತತ್ತಿಗೆ ಇರುವೆ ಹತ್ತಿದ್ದವು. ಕಟ್ಟೆಯ ಮೂಲೆಯಲ್ಲಿ ಗುಂಡುಕಲ್ಲು ಇಟ್ಟಲ್ಲೇ ಇತ್ತು, ಯಾರೂ ಒಯ್ದಿರಲಿಲ್ಲ. ರೇವಮ್ಮ ಅದರ ಮಗ್ಗುಲಿನಿಂದಲೇ ಹಾದು ಹೋಗಬೇಕಿತ್ತು. ಹೋದಳು. ಬಾಗಿಲು ಬಡಿದಳು. ಮತ್ತೆ ಬಡಿದಳು, ಎರಡೂ ಕೈಯಿಂದ. ಓಣಿಯ ಕಿಟಕಿಗಳು ಒಂದೊಂದೇ ತೆರೆದದ್ದು ಬೆನ್ನಿಗೆ ಗೊತ್ತಾಯಿತು.

ಬಾಗಿಲು ಬೆರಳಗಲ ತೆರೆಯಿತು. ಸುಭದ್ರಾಬಾಯಿಯ ಒಂದು ಕಣ್ಣು. "ಮತ್ಯಾಕ ಬಂದಿ? ಬಾಯಿ ತೆರೀಬ್ಯಾಡ ಇಲ್ಲಿ, ನಮ್ಮ ಹೊಸ್ತಿಲದಾಗ."

"ಶಾಂಭವಿ ನೋಡಬೇಕ್ರಿ."

"ಆಕಿ ಮಲಗ್ಯಾಳ."

"ಮಲಗಿದಾಕಿನ್ನೇ ನೋಡ್ತೇನಿ. ನೋಡೋತನ ಇಲ್ಲಿಂದ ಕದಲಂಗಿಲ್ಲ್ರಿ. ಮಂದಿ ಕರಿಯೋದಿದ್ರ ಕರೀರಿ."

ಆ ಕಣ್ಣು ಅವಳನ್ನು ನೋಡಿತು. ಅದರಲ್ಲಿ ಸಿಟ್ಟಿತ್ತು, ಸಿಟ್ಟಿನ ಕೆಳಗೆ ಹೆದರಿಕೆ, ಎದುರು ನಿಂತವಳದ್ದಕ್ಕಿಂತ ಕಡಿಮೆಯದಲ್ಲ. ಬಾಗಿಲು ಮುಚ್ಚಲಿಲ್ಲ, ತೆರೆಯಲೂ ಇಲ್ಲ. ರೇವಮ್ಮ ಆ ಬೆರಳಗಲದ ಸಂದಿಯಲ್ಲಿ ತನ್ನ ಬರಿಗಾಲು ತೂರಿಸಿದಳು, ದನಿಯನ್ನು ಹೊಟ್ಟೆಯ ಆಳದಿಂದ ಎಳೆದು ತೆಗೆದು, ಓಣಿಗೆಲ್ಲ ಕೇಳಲೆಂದೇ ಕೂಗಿದಳು.

"ಶಾಂಭವೀ! ಶಾಂಭವಿ ಯವ್ವಾ! ನಾ ಬಂದೇನಿ! ಓ ಅನ್ನು!"

ಒಳಮನೆಯ ಕತ್ತಲಲ್ಲಿ ಏನೋ ಸರಿದಾಡಿತು. ನೀರಿಲ್ಲದ ಗಂಟಲಿನಿಂದ ಬಂದ ಆ ದನಿ ಇಷ್ಟೇ ಅಂದಿತು:

"ಅಕ್ಕಾ… ಹೋಗಬ್ಯಾಡ."

ರೇವಮ್ಮ ಹೊಸ್ತಿಲ ಮೇಲೆ ಕೂತಳು.